ಹಿತ್ತಲ ಚಪ್ಪರದ ಫೈಬರ್ ಶೀಟು ಹೋಯಿತು. ಮಳೆಗಿಂತ ಮೊದಲು ಏನು ಹಾಕಿಸಲಿ?

ಕುಮಟಾ ಹಿತ್ತಲು:
ನಮ್ಮದು ಹಂಚಿನ ಮನೆ. ಹಿಂದೆ ಬಾವಿಕಟ್ಟೆ, ಬಟ್ಟೆ ಒಗೆಯುವ ಕಲ್ಲು ಎರಡಕ್ಕೂ ಸೇರಿಸಿ ಪೈಪು ನಿಲ್ಲಿಸಿ ಫೈಬರ್ ಶೀಟು ಹಾಕಿಸಿ ಒಂಬತ್ತು ವರ್ಷ ಆಯಿತು. ಈಗ ಕರಿದ ಎಣ್ಣೆಯ ಬಣ್ಣಕ್ಕೆ ತಿರುಗಿದೆ. ಹೋದ ವಾರ ಏಣಿ ಹತ್ತಿ ಗಟ್ಟಿ ಬ್ರಷ್ಷಿನಲ್ಲಿ ಪಾಚಿ ತಿಕ್ಕಿದೆ. ಪಾಚಿಯ ಜೊತೆ ಮೇಲಿನ ಪದರವೂ ಹೋಗಿ ಗಾಜಿನ ನೂಲು ಎದ್ದು ನಿಂತಿದೆ. ಎರಡು ದಿನ ಕೈ ತುರಿಕೆ! ಆಯಿ ಹಲಸಿನ ಹಪ್ಪಳ ಹರವುವುದು ಅದರ ಕೆಳಗೇ. ನೂಲು ಹಪ್ಪಳಕ್ಕೆ ಉದುರುತ್ತದೆ ಅಂತ ಅವಳ ಜಗಳ. ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಶೀಟು ಹಾಕಿಸಲಾ? ಅದರಲ್ಲಿ ಒಳಗೆ ಸಾಲು ಕೊಳವೆ ಇರುವ ಟೊಳ್ಳು ಶೀಟು ಚೆನ್ನಾಗಿದೆ ಅನ್ನುತ್ತಾರೆ ಅಂಗಡಿಯವರು.

ಶಿರಸಿ ಅಡಿಕೆ:
ನೂಲು ಎದ್ದ ಮೇಲೆ ಮುಗೀತು ಮಾರಾಯ್ರೇ, ಬದಲಾಯಿಸಿ. ಆದರೆ ಟೊಳ್ಳು ಶೀಟು ಬೇಡ. ಅಡಿಕೆ ಒಣಗಿಸುವ ಮಾಡಿಗೆ ನಾನು ಅದನ್ನೇ ಹಾಕಿಸಿದ್ದೆ. ತುದಿಗೆ ಟೇಪು ಹಚ್ಚದೆ ಬಿಟ್ಟರು. ಒಂದೇ ಮಳೆಗಾಲಕ್ಕೆ ಕೊಳವೆಯೊಳಗೆಲ್ಲ ಹಸಿರು ಪಾಚಿ, ಆಮೇಲೆ ಇರುವೆ ಸಂಸಾರ. ಒಳಗಿನದನ್ನು ತೊಳೆಯುವುದು ಹೇಗೆ ಹೇಳಿ? ಅಲೆ ಅಲೆ ಇರುವ, ಒಂದೇ ಪದರದ ಒಂಟಿ ಶೀಟು ತಗೊಳ್ಳಿ.

ಇನ್ನೊಂದು. ಬಿಸಿಲು ತಡೆಯುವ ಯುವಿ ಪದರ ಸಾಮಾನ್ಯವಾಗಿ ಒಂದೇ ಮಗ್ಗುಲಿಗೆ ಇರುತ್ತದೆ. ಯಾವ ಮಗ್ಗುಲು ಅಂತ ಅಂಟಿಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಬರೆದಿರುತ್ತದೆ. ನಮ್ಮ ಕೆಲಸದವರು ಅಂಗಳದಲ್ಲೇ ಹಾಳೆ ಕಿತ್ತರು. ಕಿತ್ತ ಮೇಲೆ ಎರಡೂ ಒಂದೇ ಥರ. ನಾಲ್ಕು ಶೀಟಿನಲ್ಲಿ ಎರಡು ಮಗುಚಿ ಕೂತವು. ಆ ಎರಡೇ ಬೇಗ ಹಳದಿಯಾದವು! ಮೊದಲೇ ಮೂಲೆಗೆ ಮಾರ್ಕರ್‌ನಲ್ಲಿ ಗುರುತು ಹಾಕಿ. ಕೂರಿಸಿದ ದಿನವೇ ಹಾಳೆ ತೆಗೆಯಿರಿ, ಬಿಸಿಲಿಗೆ ಅಂಟಿಕೊಂಡರೆ ಉಗುರಿಗೂ ಬರುವುದಿಲ್ಲ.

ಕಾರವಾರ ವೆಲ್ಡಿಂಗ್:
ನಮ್ಮ ಕಡೆ ಶೀಟಿಗಿಂತ ಮೊದಲು ಹೋಗುವುದು ಸ್ಕ್ರೂ. ಉಪ್ಪು ಗಾಳಿಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಸ್ಕ್ರೂ ತಲೆ ತುಕ್ಕು ಹಿಡಿದು ಅಲ್ಲೇ ನೀರು ಇಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ನದೇ ಹಾಕಿಸಿ, ಇಪಿಡಿಎಂ ರಬ್ಬರ್ ವಾಷರ್ ಜೊತೆ. ಮೆತ್ತನೆ ಪಿವಿಸಿ ವಾಷರ್ ಬೇಡ, ಅದರಿಂದ ಶೀಟು ಬಿರಿಯುತ್ತದೆ. ಸ್ಕ್ರೂ ಅಲೆಯ ಏರಿನ ಮೇಲೆ ಬರಲಿ, ನೀರು ಹರಿಯುವ ತಗ್ಗಿನಲ್ಲಿ ಅಲ್ಲ.

ತೂತು ಸ್ಕ್ರೂಗಿಂತ ದೊಡ್ಡದಿರಬೇಕು. 3 ಮೀಟರ್ ಶೀಟಿನ ಬಿಸಿ 30 ಡಿಗ್ರಿ ಏರಿದರೆ ಅದು ಸುಮಾರು 6 ಎಂಎಂ ಉದ್ದ ಆಗುತ್ತದೆ. ಮಧ್ಯಾಹ್ನ ಚಪ್ಪರ ಟಕ್ ಟಕ್ ಅನ್ನುವುದು ಅದಕ್ಕೇ. ಬಿಗಿದು ಕೂರಿಸಿದರೆ ತೂತಿನಿಂದಲೇ ಸೀಳು ಶುರು. ಮತ್ತೆ, ಹಳೇ ಶೀಟು ಬಿಚ್ಚುವವರು ಅದರ ಮೇಲೆ ಕಾಲಿಡಬಾರದು. ಪೈಪಿನಿಂದ ಪೈಪಿಗೆ ಹಲಗೆ ಹಾಕಿಕೊಳ್ಳಲಿ. ಕೆಳಗೆ ಬಾವಿ ಬೇರೆ ಇದೆಯಲ್ಲ!

ಕುಮಟಾ ಹಿತ್ತಲು:
ಬಾವಿಗೆ ಮೊದಲು ಬಲೆ ಕಟ್ಟಿಸುತ್ತೇನೆ. ಹೊಸದರಲ್ಲಿ ಪಾಚಿ ಬಂದರೆ ಥಿನ್ನರ್ ಹಾಕಿ ಒರೆಸಬಹುದಾ?

ಕಾರವಾರ ವೆಲ್ಡಿಂಗ್:
ಅಯ್ಯೋ ಅಕ್ಕ, ಬೇಡವೇ ಬೇಡ! ಥಿನ್ನರ್‌ಗೆ ಶೀಟು ಮಂಜಾಗಿ ಬಿರಿಯುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ನೀರಿಗೆ ಹಾಕಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ ನೀರು ಬಿಡಿ. ಸಾಕು.

ಕುಮಟಾ ಹಿತ್ತಲು:
ಸರಿ, ಒಂಟಿ ಶೀಟೇ ತರುತ್ತೇನೆ. ಹಳೇದರಲ್ಲಿ ಎರಡು ತುಂಡು ಕಟ್ಟಿಗೆ ರಾಶಿ ಮುಚ್ಚಲು ಬೇಕಂತೆ ಆಯಿಗೆ. ಕೈ ತುರಿಸಿದ್ದು ನನಗೆ ತಾನೇ, ಅವಳಿಗಲ್ಲ.