ಹಳೆಯ ಡೀಸೆಲ್ ಕಾರಿನಲ್ಲಿ ಪಿಕಪ್ ತಡವಾಗಿ ಬರುತ್ತಿದೆ: ಟರ್ಬೊ ಬದಲಿಸಲೇಬೇಕೇ?

ಪ್ರಶ್ನೆ (ಸೇಡಂನ ಸದಸ್ಯರು):

ಎಲ್ಲರಿಗೂ ಶರಣು. ನನ್ನದು 2011ರ ಮಾದರಿಯ ಡೀಸೆಲ್ ಕಾರು. ಕಾಮನ್ ರೈಲ್ ಎಂಜಿನ್, ವೇರಿಯಬಲ್ ಜಾಮಿಟ್ರಿ ಟರ್ಬೊ. ಒಂದೂವರೆ ಲಕ್ಷ ಕಿಲೋಮೀಟರಿಗೂ ಹೆಚ್ಚು ಓಡಿದೆ. ಈಚೆಗೆ ಮೂರನೆಯ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ಎಂಜಿನ್ ನಿಮಿಷಕ್ಕೆ 2,500 ಸುತ್ತು ತಲುಪುವವರೆಗೆ ಎಳೆತವೇ ಇರುವುದಿಲ್ಲ. ಅಲ್ಲಿಂದ ಮೇಲೆ ಒಮ್ಮೆಲೇ ಎತ್ತಿಕೊಂಡು ಮೊದಲಿನಂತೆಯೇ ಓಡುತ್ತದೆ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವಾಗ ಏರಿನಲ್ಲಿ ಲಾರಿಯನ್ನು ಹಿಂದೆ ಹಾಕಲು ಧೈರ್ಯ ಬರುತ್ತಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹೊತ್ತಿಲ್ಲ. ಏರ್ ಫಿಲ್ಟರ್ ಮತ್ತು ಡೀಸೆಲ್ ಫಿಲ್ಟರ್ ಎರಡನ್ನೂ ಹೊಸದಾಗಿ ಹಾಕಿಸಿದ್ದೇನೆ. ಒಂದು ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿದ ಕೂಡಲೇ ಟರ್ಬೊ ಹೋಗಿದೆ, ಬದಲಿಸಬೇಕು ಎಂದರು. ಅಷ್ಟು ಹಣ ಹಾಕುವ ಮೊದಲು ಇಲ್ಲಿನ ಅನುಭವಿಗಳ ಅಭಿಪ್ರಾಯ ಕೇಳೋಣವೆಂದು ಬರೆಯುತ್ತಿದ್ದೇನೆ.

ಉತ್ತರ (ಡೀಸೆಲ್ ಎಂಜಿನ್ ದುರಸ್ತಿ ಮಾಡುವವರು, ಕಲಬುರಗಿ):

ಶರಣು ಸರ್. ಟರ್ಬೊ ಬದಲಿಸಲು ಈಗಲೇ ಒಪ್ಪಿಕೊಳ್ಳಬೇಡಿ. 2,500ರ ಮೇಲೆ ಶಕ್ತಿ ಪೂರ್ತಿಯಾಗಿ ಬರುತ್ತದೆ ಎಂದು ನೀವು ಬರೆದಿರುವ ಒಂದು ಮಾತಿನಿಂದಲೇ ಹುಡುಕಾಟದ ಅರ್ಧ ದಾರಿ ಮುಗಿದಂತಾಗಿದೆ. ಬೂಸ್ಟ್, ಅಂದರೆ ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ, ತಡವಾಗಿ ಬರುವುದು ಬೇರೆ ದೋಷ, ಬೂಸ್ಟ್ ಬಾರದೇ ಇರುವುದು ಬೇರೆ ದೋಷ. ಟರ್ಬೊದ ಚಕ್ರದ ಎಲೆಗಳು ಮುರಿದಿದ್ದರೆ, ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದ್ದರೆ ಅಥವಾ ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ದೊಡ್ಡ ಪೈಪು ಸೀಳಿದ್ದರೆ ಸುತ್ತು ಹೆಚ್ಚಿದಂತೆಲ್ಲ ಕೊರತೆ ಎದ್ದು ಕಾಣುತ್ತದೆಯೇ ಹೊರತು ನಿಮ್ಮ ಕಾರಿನಲ್ಲಿ ಆಗುವಂತೆ ಮೇಲೆ ಹೋದಾಗ ಸರಿಹೋಗುವುದಿಲ್ಲ.

ನಿಮ್ಮದು ವೇರಿಯಬಲ್ ಜಾಮಿಟ್ರಿ ಟರ್ಬೊ; ಹೊಗೆಯ ರಭಸಕ್ಕೆ ತಿರುಗುವ ಅದರ ಟರ್ಬೈನ್ ಚಕ್ರದ ಸುತ್ತ ಚಿಕ್ಕ ಚಿಕ್ಕ ತಿರುಗುವ ಎಲೆಗಳಿರುತ್ತವೆ. ಅವಕ್ಕೆ ವೇನ್ ಎನ್ನುತ್ತಾರೆ. ಎಂಜಿನ್ ನಿಧಾನವಾಗಿದ್ದಾಗ ಹೊರಹೋಗುವ ಹೊಗೆ ಕಡಿಮೆ ಇರುವುದರಿಂದ ಈ ವೇನ್‌ಗಳು ಹತ್ತಿರ ಬಂದು ಸಂದನ್ನು ಕಿರಿದುಗೊಳಿಸುತ್ತವೆ. ಹೊಲಕ್ಕೆ ನೀರು ಬಿಡುವ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದರೆ ನೀರು ದೂರ ಚಿಮ್ಮುವಂತೆ, ಕಡಿಮೆ ಹೊಗೆಯೇ ವೇಗ ಪಡೆದು ಚಕ್ರವನ್ನು ಜೋರಾಗಿ ತಿರುಗಿಸುತ್ತದೆ. ಸುತ್ತು ಹೆಚ್ಚಿದಾಗ ಹೊಗೆಯೂ ಹೆಚ್ಚುವುದರಿಂದ ವೇನ್‌ಗಳು ತೆರೆದುಕೊಳ್ಳುತ್ತವೆ. ಕೆಳಗಿನ ಸುತ್ತಿನಲ್ಲಿ ಅವು ಪೂರ್ತಿ ಮುಚ್ಚದೆ ತೆರೆದೇ ಉಳಿದರೆ ನೀವು ಹೇಳುವ ಲಕ್ಷಣವೇ ಕಾಣಿಸುತ್ತದೆ.

ನಿಮ್ಮ ಕಾರಿನ ಕಾಲದ ಬಹಳಷ್ಟು ಕಾರುಗಳಲ್ಲಿ ವೇನ್‌ಗಳನ್ನು ಮುಚ್ಚುವ ಕೆಲಸ ವ್ಯಾಕ್ಯೂಮಿನದು, ಅಂದರೆ ಗಾಳಿ ಹೀರಿ ತೆಗೆದಾಗ ಉಂಟಾಗುವ ಸೆಳೆತದ್ದು. ಎಂಜಿನ್ನಿನಿಂದಲೇ ತಿರುಗುವ ವ್ಯಾಕ್ಯೂಮ್ ಪಂಪು, ಅಲ್ಲಿಂದ ಹೊರಡುವ ಸಣ್ಣ ರಬ್ಬರ್ ನಳಿಕೆ, ನಡುವೆ ಕಂಪ್ಯೂಟರಿನ ಮಾತು ಕೇಳುವ ಒಂದು ಸೊಲೆನಾಯ್ಡ್ ವಾಲ್ವ್, ಕೊನೆಗೆ ಟರ್ಬೊದ ಮೇಲೆ ಕುಳಿತಿರುವ ಆಕ್ಚುಯೇಟರ್ ಡಬ್ಬಿ ಮತ್ತು ಅದರ ರಾಡು. ಈ ಸಾಲಿನಲ್ಲಿ ಎಲ್ಲಿ ಸೋರಿದರೂ ವೇನ್‌ಗಳು ತೆರೆದ ಕಡೆಗೇ ಉಳಿಯುತ್ತವೆ. ನಮ್ಮ ಭಾಗದ ಬೇಸಿಗೆಯ ಬಿಸಿಲು ಒಂದೆಡೆ, ಬಾನೆಟ್ಟಿನ ಒಳಗಿನ ಕಾವು ಇನ್ನೊಂದೆಡೆ. ಹತ್ತು ವರ್ಷ ದಾಟಿದ ರಬ್ಬರ್ ನಳಿಕೆಗಳು ಗಟ್ಟಿಯಾಗಿ ತುದಿಯಲ್ಲಿ ಬಿರುಕು ಬಿಡದಿದ್ದರೆ ಅದೇ ಆಶ್ಚರ್ಯ.

ಕಾಸು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಎಂಜಿನ್ ತಣ್ಣಗಿರುವಾಗ, ಹ್ಯಾಂಡ್ ಬ್ರೇಕ್ ಎಳೆದು ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಮನೆಯಲ್ಲಿ ಯಾರಿಗಾದರೂ ಸ್ಟಾರ್ಟ್ ಮಾಡಲು ಹೇಳಿ, ನೀವು ಆಕ್ಚುಯೇಟರಿನ ರಾಡನ್ನು ಗಮನಿಸಿ. ತೋಳು ಸಡಿಲವಾದ ಅಂಗಿ ಬೇಡ, ಬೆಲ್ಟ್ ಮತ್ತು ಫ್ಯಾನ್ ಹತ್ತಿರವೇ ಇರುತ್ತವೆ. ಸ್ಟಾರ್ಟ್ ಆದ ಒಂದೆರಡು ಸೆಕೆಂಡಿನಲ್ಲಿ ರಾಡು ಸರಾಗವಾಗಿ ಒಳಕ್ಕೆ ಎಳೆದುಕೊಂಡು, ಅದರ ಚಲನೆಗೆ ಮಿತಿ ಹಾಕುವ ಅಡ್ಡ ಸ್ಕ್ರೂ ಮುಟ್ಟಿ ನಿಲ್ಲಬೇಕು; ಬಂದ್ ಮಾಡಿದಾಗ ಹಿಂದಕ್ಕೆ ಬರಬೇಕು. ಅದರ ಜೊತೆಗೆ ಮೂರು ಸಂಗತಿ ತಿಳಿಸಿ: ಜೋರಾಗಿ ಒತ್ತಿದಾಗ ಕಪ್ಪು ಹೊಗೆ ಬರುತ್ತದೆಯೇ, ಬ್ರೇಕ್ ಪೆಡಲ್ ಮೊದಲಿಗಿಂತ ಗಟ್ಟಿಯಾಗಿದೆಯೇ, ಬೆಳಗಿನ ತಂಪಿಗೂ ಮಧ್ಯಾಹ್ನಕ್ಕೂ ವ್ಯತ್ಯಾಸ ಇದೆಯೇ. ಬ್ರೇಕಿನ ಮಾತು ಏಕೆಂದರೆ ಅದರ ಬೂಸ್ಟರಿಗೂ ಅದೇ ಪಂಪಿನಿಂದ ವ್ಯಾಕ್ಯೂಮ್ ಹೋಗುತ್ತದೆ. ಸಾಧ್ಯವಾದರೆ ಸ್ಕ್ಯಾನರ್ ಇರುವವರ ಬಳಿ ಹೋಗಿ, ಕಂಪ್ಯೂಟರ್ ಬೇಡುವ ಬೂಸ್ಟ್ ಮತ್ತು ನಿಜವಾಗಿ ಸಿಗುವ ಬೂಸ್ಟ್ ಎರಡನ್ನೂ ಓಡುವ ಕಾರಿನಲ್ಲಿ ಬರೆಸಿಕೊಳ್ಳಿ.

ಪ್ರಶ್ನೆ ಕೇಳಿದವರು:

ತಾವು ಹೇಳಿದಂತೆ ನೋಡಿದೆ. ರಾಡು ಒಳಗೆ ಹೋಗುತ್ತದೆ, ಆದರೆ ಅಡ್ಡ ಸ್ಕ್ರೂ ಮುಟ್ಟುವ ಮೊದಲೇ ನಿಲ್ಲುತ್ತದೆ. ಒತ್ತಿದಾಗ ಒಂದಿಷ್ಟು ಕಪ್ಪು ಹೊಗೆ ಬಂದು ನಂತರ ನಿಲ್ಲುತ್ತದೆ. ಬ್ರೇಕ್ ಚೆನ್ನಾಗಿದೆ. ಬೆಳಿಗ್ಗೆ ತುಸು ವಾಸಿ. ಕಲಬುರಗಿಯಲ್ಲಿ ಸ್ಕ್ಯಾನರ್ ಹಾಕಿಸಿದೆ: ಎಂಜಿನ್ ಬಂದ್ ಇಟ್ಟು ಕೀಲಿ ತಿರುಗಿಸಿದಾಗ ಬೂಸ್ಟ್ ಸೆನ್ಸರ್ 960 ಮಿಲಿಬಾರ್ ತೋರಿಸಿತು. ಮೂರನೆಯ ಗೇರಿನಲ್ಲಿ 1,800 ಸುತ್ತಿಗೆ ಬೇಡಿಕೆ 1,900, ಸಿಕ್ಕಿದ್ದು 1,350. 2,700ರ ಹೊತ್ತಿಗೆ ಎರಡೂ ಹೊಂದಿಕೊಂಡವು.

ಉತ್ತರ (ಕಲಬುರಗಿ):

ಇಷ್ಟು ಅಚ್ಚುಕಟ್ಟಾಗಿ ಅಳೆದು ತಂದಿದ್ದಕ್ಕೆ ಧನ್ಯವಾದ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿಯ ಒತ್ತಡ ಸಮುದ್ರಮಟ್ಟದ 1,013 ಅಲ್ಲ, ಹೆಚ್ಚುಕಡಿಮೆ 960 ಮಿಲಿಬಾರೇ. ನಿಂತ ಎಂಜಿನ್ನಿನಲ್ಲಿ ಸೆನ್ಸರ್ ಅದನ್ನೇ ತೋರಿಸಿದೆ ಎಂದರೆ ಅದರ ಮಾತನ್ನು ನಂಬಬಹುದು. ಮಸಿ ಮೆತ್ತಿಕೊಂಡ ಸೆನ್ಸರಿನ ಸುಳ್ಳನ್ನು ನಂಬಿ ಟರ್ಬೊ ಬದಲಿಸಿದವರೂ ಇದ್ದಾರೆ. ಇನ್ನು 550 ಮಿಲಿಬಾರ್ ಕೊರತೆ ಚಿಕ್ಕದಲ್ಲ. ಅದು ಕೆಲವು ಕ್ಷಣ ಮಾತ್ರ ಇದ್ದು ಸರಿಹೋಗುವುದರಿಂದ ಪಿ0299 ಎಂಬ ಕಡಿಮೆ ಬೂಸ್ಟಿನ ಕೋಡ್ ದಾಖಲಾಗುವಷ್ಟು ಸಮಯ ಕಂಪ್ಯೂಟರಿಗೆ ಸಿಗುತ್ತಿಲ್ಲ. ದೀಪ ಹೊತ್ತದಿರಲು ಅದೇ ಕಾರಣವಿರಬೇಕು.

ಬ್ರೇಕ್ ಚೆನ್ನಾಗಿರುವುದರಿಂದ ಪಂಪಿನ ಮೇಲಿನ ಅನುಮಾನ ಕಡಿಮೆಯಾಯಿತು. ಉಳಿದದ್ದು ನಳಿಕೆ, ಸೊಲೆನಾಯ್ಡ್, ಆಕ್ಚುಯೇಟರ್, ಮಸಿಯಿಂದ ಬಿಗಿಯಾದ ವೇನ್. ಇವನ್ನು ಬೇರ್ಪಡಿಸಲು ಕೈಯಿಂದ ಒತ್ತುವ ವ್ಯಾಕ್ಯೂಮ್ ಪಂಪು ಸಾಕು. ಎಂಜಿನ್ ಬಂದ್ ಇರುವಾಗ ಆಕ್ಚುಯೇಟರಿನ ನಳಿಕೆ ಬಿಚ್ಚಿ, ಆ ಬಾಯಿಗೆ ಕೈಪಂಪು ಸಿಕ್ಕಿಸಿ ನಿಧಾನವಾಗಿ ಎಳೆಯಿರಿ. ಕೈಪಂಪಿನ ಗೇಜಿನ ಮುಳ್ಳು ನಿಲ್ಲದೆ ಇಳಿಯುತ್ತಿದ್ದರೆ ಡಬ್ಬಿಯೊಳಗಿನ ಡಯಾಫ್ರಾಮ್ (ರಬ್ಬರ್ ಪೊರೆ) ಹರಿದಿದೆ. ಮುಳ್ಳು ನಿಂತರೂ ರಾಡು ಜಗ್ಗಿ ಜಗ್ಗಿ ಚಲಿಸಿದರೆ ಅಥವಾ ನಡುವೆಯೇ ಸಿಕ್ಕಿಕೊಂಡರೆ ವೇನ್‌ಗಳಲ್ಲಿ ಮಸಿ ಇದೆ. ಆಗ ಟರ್ಬೊ ಬಿಚ್ಚಿ ಶುದ್ಧ ಮಾಡುವ ಮಾತು ಬರುತ್ತದೆ. ರಾಡು ಸರಾಗವಾಗಿ ಕೊನೆಯವರೆಗೆ ಹೋಗಿ ಅಲ್ಲೇ ನಿಂತರೆ ಟರ್ಬೊ ನಿರ್ದೋಷಿ, ಕಳ್ಳ ಹಿಂದಿನ ನಳಿಕೆಯಲ್ಲೋ ಸೊಲೆನಾಯ್ಡಿನಲ್ಲೋ ಇದ್ದಾನೆ.

ಇನ್ನೊಬ್ಬ ಸದಸ್ಯರು (ಬೀದರ್):

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಕಾರಿಗೂ ಇಂಥದೇ ತೊಂದರೆ. ಇಜಿಆರ್ ವಾಲ್ವಿಗೆ (ಹೊಗೆಯ ಒಂದು ಭಾಗವನ್ನು ಮರಳಿ ಎಂಜಿನ್ನಿಗೆ ಬಿಡುವ ವಾಲ್ವ್) ತಗಡು ಹಾಕಿ ಮುಚ್ಚಿದರೆ ಪಿಕಪ್ ಬರುತ್ತದೆ ಎಂದು ಇಲ್ಲಿ ಒಬ್ಬರು ಹೇಳಿದರು. ಗಾಳಿಯ ದಾರಿಯಲ್ಲಿ ಸ್ಪ್ರೇ ಹೊಡೆದು ಟರ್ಬೊ ತೊಳೆಯಬಹುದು ಎಂದೂ ಹೇಳಿದರು. ಬೀದರ್ ಎತ್ತರದಲ್ಲಿರುವುದೂ ಕಾರಣವಿರಬಹುದೇ?

ಉತ್ತರ (ಕಲಬುರಗಿ):

ಅಣ್ಣಾವ್ರೆ, ಎತ್ತರದ ಮಾತು ಬಿಡಿ. ಬೀದರ್ ನಮಗಿಂತ ಸುಮಾರು 200 ಮೀಟರ್ ಮೇಲಿದ್ದರೆ ಗಾಳಿಯ ಒತ್ತಡ ಕಡಿಮೆಯಾಗುವುದು ಇಪ್ಪತ್ತು ಚಿಲ್ಲರೆ ಮಿಲಿಬಾರ್. ಅದನ್ನು ಟರ್ಬೊ ತಾನೇ ತುಂಬಿಕೊಳ್ಳುತ್ತದೆ.

ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೆ ಟರ್ಬೈನಿಗೆ ಹೋಗಬೇಕಾದ ಹೊಗೆ ಎಂಜಿನ್ನಿಗೇ ಮರಳಿ ಬೂಸ್ಟ್ ತಡವಾಗುವುದು ನಿಜ. ಅದಕ್ಕೆ ಮದ್ದು ವಾಲ್ವನ್ನು ಬಿಚ್ಚಿ ಮಸಿ ತೆಗೆಯುವುದು ಅಥವಾ ಬದಲಿಸುವುದು. ತಗಡು ಹೊಡೆದು ಮುಚ್ಚಿದರೆ ನೈಟ್ರೋಜನ್ ಆಕ್ಸೈಡುಗಳ ಹೊಗೆ ಹೆಚ್ಚುತ್ತದೆ. ಅದು ನಮ್ಮದೇ ಊರಿನ ಮಕ್ಕಳು ಉಸಿರಾಡುವ ಗಾಳಿ, ಆದ್ದರಿಂದ ಯಾರು ಕೇಳಿದರೂ ನಾನು ಆ ಕೆಲಸ ಮಾಡಿಕೊಡುವುದಿಲ್ಲ. ಸ್ಪ್ರೇ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಡೀಸೆಲ್ ಎಂಜಿನ್ ಗಾಳಿಯ ದಾರಿಯಿಂದ ಬಂದ ಉರಿಯುವ ದ್ರವವನ್ನೂ ಇಂಧನವಾಗಿ ಬಳಸಿಕೊಳ್ಳುತ್ತದೆ. ಅಳತೆ ತಪ್ಪಿದರೆ ಕೀಲಿ ತೆಗೆದರೂ ಎಂಜಿನ್ ನಿಲ್ಲದೆ ಸುತ್ತು ಏರುತ್ತಲೇ ಹೋಗಿ ಒಡೆಯಬಹುದು. ಅದೂ ಅಲ್ಲದೆ ಮಸಿ ಕೂತಿರುವುದು ಹೊಗೆ ಹೋಗುವ ಬದಿಯ ವೇನ್‌ಗಳಲ್ಲಿ; ಗಾಳಿಯ ಬದಿಗೆ ಹೊಡೆದ ಸ್ಪ್ರೇ ಅಲ್ಲಿಗೆ ತಲುಪುವ ಹೊತ್ತಿಗೆ ಸಿಲಿಂಡರಿನಲ್ಲಿ ಉರಿದುಹೋಗಿರುತ್ತದೆ. ಮೊದಲು ಏರ್ ಫಿಲ್ಟರ್ ನೋಡಿ, ಆಮೇಲೆ ಇಂಟರ್‌ಕೂಲರಿನ ಪೈಪುಗಳ ಕೆಳಭಾಗವನ್ನು ಕೈಯಿಂದ ತಡವಿ ನೋಡಿ. ಹೊಸ ಎಣ್ಣೆಯ ಜಿಡ್ಡು ಧೂಳಿನೊಂದಿಗೆ ಮೆತ್ತಿಕೊಂಡಿದ್ದರೆ ಅಲ್ಲಿ ಸೋರುತ್ತಿದೆ. ಪೈಪಿಗೆ ಗಾಳಿ ತುಂಬಿ ಸಾಬೂನು ನೀರಿನಿಂದ ಪರೀಕ್ಷಿಸುವವರು ರೆಗ್ಯುಲೇಟರ್ ಹಾಕಿ ಒಂದು ಬಾರಿನ ಒಳಗೇ ಇರಲಿ. ಪಂಕ್ಚರ್ ಅಂಗಡಿಯ ಕಂಪ್ರೆಸರನ್ನು ನೇರವಾಗಿ ಜೋಡಿಸಿದರೆ ಪೈಪೋ ಸೀಲೋ ಹೋಗುತ್ತದೆ.

ಪ್ರಶ್ನೆ ಕೇಳಿದವರು:

ಕೈಪಂಪಿನ ಪರೀಕ್ಷೆ ಮಾಡಿಸಿದೆ. ರಾಡು ಕೊನೆಯವರೆಗೂ ಸರಾಗವಾಗಿ ಹೋಯಿತು, ಮುಳ್ಳು ಇಳಿಯಲಿಲ್ಲ. ನಂತರ ಮೆಕ್ಯಾನಿಕ್ ವ್ಯಾಕ್ಯೂಮ್ ಗೇಜನ್ನು ಪಂಪಿನ ಬಳಿ ಹಾಕಿದಾಗ 650 ಮಿಲಿಮೀಟರ್ ಪಾದರಸ, ಸೊಲೆನಾಯ್ಡಿಗೆ ಬರುವ ನಳಿಕೆಯ ತುದಿಯಲ್ಲಿ 400. ಆ ನಳಿಕೆಯನ್ನು ಬಾಗಿಸಿ ನೋಡಿದರೆ ಎಂಜಿನ್ ಕವರಿಗೆ ಉಜ್ಜುವ ಜಾಗದಲ್ಲಿ ಉದ್ದಕ್ಕೂ ಸೀಳಿದೆ. ಇದನ್ನು ಬದಲಿಸಿದರೆ ಸಾಕೇ, ಅಥವಾ ಆ ಅಡ್ಡ ಸ್ಕ್ರೂವನ್ನೂ ತುಸು ತಿರುಗಿಸಬೇಕೇ? ಇಲ್ಲಿ ತಿರುಗಿಸೋಣ ಎನ್ನುತ್ತಿದ್ದಾರೆ.

ಉತ್ತರ (ಕಲಬುರಗಿ):

ಸ್ಕ್ರೂವನ್ನು ಮುಟ್ಟಲು ಬಿಡಬೇಡಿ. ಅದು ವೇನ್‌ಗಳು ಎಷ್ಟು ಮುಚ್ಚಬೇಕು ಎಂಬುದನ್ನು ಕಾರ್ಖಾನೆಯಲ್ಲೇ ಅಳೆದು ನಿಲ್ಲಿಸಿದ ಮಿತಿ. ಅದನ್ನು ತಿರುಗಿಸಿ ಕೆಳಗಿನ ಎಳೆತ ಹೆಚ್ಚಿಸಿಕೊಂಡವರಿಗೆ ಮೇಲಿನ ಸುತ್ತಿನಲ್ಲಿ ಬೂಸ್ಟ್ ಮಿತಿಮೀರಿ ಪಿ0234 ಕೋಡ್ ಬರುತ್ತದೆ, ಕಾರು ತನ್ನನ್ನು ಉಳಿಸಿಕೊಳ್ಳಲು ಶಕ್ತಿಯನ್ನೇ ಇಳಿಸುತ್ತದೆ. ಇದೇ ಕಾರಣಕ್ಕೆ ಸೊಲೆನಾಯ್ಡನ್ನು ಬಿಟ್ಟು ಪಂಪಿನಿಂದ ಆಕ್ಚುಯೇಟರಿಗೆ ನೇರ ನಳಿಕೆ ಜೋಡಿಸಿ ಓಡಿಸುವುದೂ ಬೇಡ. ನಿಂತ ಕಾರಿನಲ್ಲಿ ಒಂದು ಕ್ಷಣದ ಪರೀಕ್ಷೆಗೆ ಮಾತ್ರ ಅದು ಸರಿ.

ಬದಲಿಸುವಾಗ ಒಂದೇ ನಳಿಕೆಯನ್ನಲ್ಲ, ಪಂಪಿನಿಂದ ಆಕ್ಚುಯೇಟರಿನವರೆಗಿನ ಎಲ್ಲ ಸಣ್ಣ ನಳಿಕೆಗಳನ್ನೂ ಹಾಕಿಸಿ. ಅವೆಲ್ಲ ಒಂದೇ ವಯಸ್ಸಿನವು, ಒಂದೇ ಕಾವು ತಿಂದವು. ಹಳೆಯದರ ತುಂಡನ್ನು ಅಂಗಡಿಗೆ ಒಯ್ದು ಒಳಗಿನ ಅಳತೆ ಹೊಂದಿಸಿ. ವ್ಯಾಕ್ಯೂಮಿಗೆಂದೇ ಮಾಡಿದ ದಪ್ಪ ಗೋಡೆಯ ನಳಿಕೆ ಬೇಕು. ತೆಳುವಾದ ಡೀಸೆಲ್ ರಿಟರ್ನ್ ಪೈಪು ಹಾಕಿದರೆ ವ್ಯಾಕ್ಯೂಮ್ ಬಂದಾಗ ಚಪ್ಪಟೆಯಾಗಿ ದಾರಿ ಮುಚ್ಚುತ್ತದೆ. ಕವರಿಗೆ ಉಜ್ಜುತ್ತಿದ್ದ ಜಾಗದಿಂದ ದೂರ ಸರಿಸಿ ಕ್ಲಿಪ್ ಹಾಕಿಸಿ, ಸೊಲೆನಾಯ್ಡಿನ ಮೇಲೆ ಪುಟ್ಟ ಫಿಲ್ಟರ್ ಇದ್ದರೆ ಧೂಳು ತೆಗೆಸಿ. ಆಮೇಲೆ ಅದೇ ಮೂರನೆಯ ಗೇರಿನಲ್ಲಿ, ಅದೇ 1,800 ಸುತ್ತಿಗೆ ಬೇಡಿಕೆ ಮತ್ತು ಸಿಕ್ಕ ಬೂಸ್ಟ್ ಎರಡನ್ನೂ ಮತ್ತೆ ಓದಿಸಿ. ಎರಡರ ನಡುವೆ ನೂರು ಮಿಲಿಬಾರಿಗಿಂತ ಹೆಚ್ಚು ಅಂತರ ಉಳಿದು, ಬಿಸಿಯಾದಾಗ ಅದು ಇನ್ನಷ್ಟು ಹಿಗ್ಗಿದರೆ ಸೊಲೆನಾಯ್ಡಿನ ಪರೀಕ್ಷೆಗೆ ಕಾರನ್ನು ತನ್ನಿ.