ಆಣೆ ಮಾಡಿದರೂ ಹತ್ತು ದಿನ ದಾಟುತ್ತಿಲ್ಲ, ಈ ಚಟ ಬಿಟ್ಟವರು ಇದ್ದೀರಾ?

ವಯಸ್ಸು 24. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೇನೆ. ಕಾಲೇಜಿನಿಂದಲೂ ಮೊಬೈಲಿನಲ್ಲಿ ಅಶ್ಲೀಲ ವಿಡಿಯೋ ನೋಡುವ ಅಭ್ಯಾಸ. ಈಗ ದಿನಾ ರಾತ್ರಿ ಒಂದೂವರೆ ಗಂಟೆ ಹೋಗುತ್ತಿದೆ. ದೇವರ ಮುಂದೆ ಆಣೆ ಮಾಡಿದೆ, ಆಗಲಿಲ್ಲ. ನಿಜವಾಗಿ ಬಿಟ್ಟವರು ಏನು ಮಾಡಿದಿರಿ, ಹೇಳ್ತೀರಾ?

ಉತ್ತರ 1

ತಮ್ಮಾ, ನನಗೀಗ 37. ಹನ್ನೊಂದು ವರ್ಷ ಇದರಲ್ಲೇ ಇದ್ದೆ. ಬಿಟ್ಟು ಮೂರು ವರ್ಷ ಆಗುತ್ತಾ ಬಂತು.

ಮೊದಲು ಆಣೆ ಮಾಡುವುದನ್ನು ಬಿಡು. ನನಗೆ ಅದರಿಂದ ಕೆಟ್ಟದ್ದೇ ಆಯ್ತು. ಒಂದು ಸಲ ತಪ್ಪಿದರೆ 'ಹೇಗೂ ಹೋಯ್ತಲ್ಲ' ಅಂತ ಬೆಳಗಿನ ಜಾವದವರೆಗೂ ನೋಡುತ್ತಿದ್ದೆ. ಆಮೇಲೆ ನಾಚಿಕೆ. ಆ ನಾಚಿಕೆ ತಡೆಯಲಾಗದೆ ಮತ್ತೆ ಅದೇ.

ಕೊನೆಗೆ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಎಷ್ಟು ಗಂಟೆಗೆ, ಎಲ್ಲಿ, ಅದಕ್ಕೆ ಮುಂಚೆ ಏನಾಗಿತ್ತು, ಇಷ್ಟೇ. ಓದಿ ನೋಡಿದರೆ ಆಸೆಗಿಂತ ಬೇಜಾರೇ ಜಾಸ್ತಿ ಇತ್ತು. ಆಫೀಸಿನಲ್ಲಿ ಬೈಸಿಕೊಂಡ ದಿನ. ಊರಿಂದ ವಾಪಸ್ ಬಂದ ಭಾನುವಾರ ರಾತ್ರಿ. ಜಾಗ ಮಾತ್ರ ಯಾವತ್ತೂ ಒಂದೇ, ಹಾಸಿಗೆ.

ಆವತ್ತೇ ಚಾರ್ಜರನ್ನು ಹಾಲಿಗೆ ಸಾಗಿಸಿದೆ. ಬೆಳಗ್ಗೆ ಏಳಲು ಒಂದು ಅಲಾರಾಂ ಗಡಿಯಾರ ತಂದೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಇರುತ್ತೆ. ಅಲ್ಲಿ ಕ್ಲೌಡ್‌ಫ್ಲೇರ್ ಅನ್ನೋ ಇಂಟರ್ನೆಟ್ ಕಂಪನಿಯವರ ಫ್ಯಾಮಿಲಿ ವಿಳಾಸ ಹಾಕಿದರೆ ಇಂಥ ಬಹಳಷ್ಟು ಸೈಟುಗಳು ತೆರೆಯುವುದಿಲ್ಲ. ಅದನ್ನು ತೆಗೆದುಹಾಕಲು ಒಂದು ನಿಮಿಷ ಸಾಕು, ಗೊತ್ತು. ಆದರೆ ಎಷ್ಟೋ ರಾತ್ರಿ ಆ ಒಂದು ನಿಮಿಷದಲ್ಲೇ ನನಗೆ ಬುದ್ಧಿ ಬಂದಿದೆ.

ಸೆಳೆತ ಬಂದಾಗ ಅದರ ಜೊತೆ ಗುದ್ದಾಡಬೇಡ. ಎದ್ದು ಟೆರೇಸಿಗೆ ಹೋಗು. ಇಪ್ಪತ್ತು ನಿಮಿಷ ಸುಮ್ನೆ ಓಡಾಡು. ಅದು ಏರುತ್ತೆ, ಹಾಗೇ ಇಳಿಯುತ್ತೆ. ಮೊದಲ ತಿಂಗಳು ಕಷ್ಟ, ನಿದ್ದೆಯೂ ಸರಿಯಾಗಿ ಬರಲಿಲ್ಲ.

41 ದಿನ ಆದಮೇಲೆ ಒಂದು ರಾತ್ರಿ ಜಾರಿದೆ. ಪುಸ್ತಕದಲ್ಲಿ ಬರೆದೆ, ಮಾರನೇ ರಾತ್ರಿ ಫೋನ್ ಮತ್ತೆ ಹಾಲಿನಲ್ಲಿಟ್ಟು ಮಲಗಿದೆ. ಆ 41 ದಿನ ಎಲ್ಲೂ ಹೋಗಲಿಲ್ಲ, ಅಲ್ವಾ?

ಉತ್ತರ 2

ನಾನು ಹೆಂಡತಿಯ ಕಡೆಯಿಂದ ಬರೆಯುತ್ತಿದ್ದೇನೆ. ನಮ್ಮವರ ಫೋನಿನಲ್ಲಿ ನೋಡಿದ ದಿನ ನನ್ನಲ್ಲೇ ಏನೋ ಕೊರತೆ ಇದೆ ಅಂತ ತುಂಬಾ ಅತ್ತಿದ್ದೆ. ಆಮೇಲೆ ತಿಳಿಯಿತು, ಮದುವೆಗೆ ಎಷ್ಟೋ ವರ್ಷ ಮುಂಚಿನಿಂದ ಇತ್ತು. ದಿನಾ ಅವರ ಫೋನ್ ತೆಗೆದು ನೋಡುತ್ತಿದ್ದೆ, ಇಬ್ಬರಿಗೂ ನೆಮ್ಮದಿ ಇರಲಿಲ್ಲ. ಅವರಾಗಿಯೇ ಬಂದು 'ಇವತ್ತು ಕಷ್ಟ ಆಗ್ತಿದೆ' ಅನ್ನಲು ಶುರು ಮಾಡಿದ ಮೇಲೆ ಸರಿಹೋಗುತ್ತಾ ಬಂತು. ನೀವೂ ನಂಬಿಕೆಯ ಒಬ್ಬರಿಗೆ ಹೇಳಿಕೊಳ್ಳಿ. ಒಬ್ಬರು ಸಾಕು.

ಉತ್ತರ 3

ಮೇಲಿನವರು ಹೇಳಿದ್ದೆಲ್ಲ ಮಾಡಿದರೂ ನನ್ನ ಕೈಲಿ ಆಗಿರಲಿಲ್ಲ. ಕೆಲಸ ಹೋಗುವ ಹಂತಕ್ಕೆ ಬಂದಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ, 2022ರಿಂದ ಜಾರಿಯಲ್ಲಿರುವುದರಲ್ಲಿ, ಹತೋಟಿ ತಪ್ಪಿದ ಲೈಂಗಿಕ ವರ್ತನೆಯೂ ಇದೆ. ಆದರೆ 'ಇದು ಪಾಪ' ಎಂಬ ಕೊರಗು ಮಾತ್ರ ಇದ್ದರೆ ಅದನ್ನು ಕಾಯಿಲೆ ಅನ್ನುವುದಿಲ್ಲ. ಕೆಲಸ, ಆರೋಗ್ಯ, ಸಂಬಂಧ ಹಾಳಾಗುತ್ತಿದ್ದರೂ ತಿಂಗಳುಗಟ್ಟಲೆ ನಿಲ್ಲಿಸಲು ಆಗದಿದ್ದರೆ ಡಾಕ್ಟರನ್ನು ನೋಡಲೇಬೇಕು.

ನೀವು ಬೆಂಗಳೂರಿನಲ್ಲೇ ಇದ್ದೀರಿ. ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಚಟಕ್ಕೆ ಅಂತಲೇ ಶಟ್ ಕ್ಲಿನಿಕ್ ಇದೆ. ಹೋಗಲು ಮುಜುಗರವಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ರಾತ್ರಿಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ನಾನು ಮಾಡಿದಾಗ ಬೈಯುತ್ತಾರೇನೋ ಅಂತ ಕೈ ನಡುಗುತ್ತಿತ್ತು. ಅವರು ಮೊದಲು ಕೇಳಿದ್ದು, 'ನಿಮಗೆ ನಿದ್ದೆ ಹೇಗೆ ಬರ್ತಿದೆ?' ಅಂತ.