ಓದುಗರ ಸ್ಪಂದನ: ಮೊಮ್ಮಗಳಿಗೆ ಸರ್ಕಸ್ ವಿದ್ಯೆ ಬೇಕೇ?

ಕಳೆದ ವಾರದ ಸಮಸ್ಯೆ: ನಮ್ಮ ತಾತ ಸರ್ಕಸ್ಸಿನಲ್ಲಿ ತಂತಿಯ ಮೇಲೆ ನಡೆಯುತ್ತಿದ್ದರು. ಅಪ್ಪ 22 ವರ್ಷ ಟ್ರಪೀಜ್‌ನಲ್ಲಿ, ಅಂದರೆ ಎತ್ತರದ ಜೋಕಾಲಿ ಆಟದಲ್ಲಿ, ಹಾರಿ ಬರುವವರ ಕೈ ಹಿಡಿಯುವ ಕ್ಯಾಚರ್ ಆಗಿದ್ದರು. ನಾನು ಗ್ಯಾರೇಜ್ ಇಟ್ಟುಕೊಂಡೆ. ಈಗ ಅಪ್ಪ ಹಿತ್ತಲ ಮಾವಿನ ಮರಕ್ಕೆ ಹಗ್ಗ ಕಟ್ಟಿ, 13 ವರ್ಷದ ನನ್ನ ಮಗಳಿಗೆ ಕಲಿಸುತ್ತಿದ್ದಾರೆ. ಅವಳಿಗೂ ಹುಚ್ಚು ಹಿಡಿದಿದೆ. ‘ಈ ವಿದ್ಯೆ ನನ್ನ ಜೊತೆ ಮಣ್ಣಾಗಬಾರದು’ ಅಂತಾರೆ ಅಪ್ಪ. ಹೆಂಡತಿ ಮಾತು ಬಿಟ್ಟಿದ್ದಾಳೆ. ಏನು ಮಾಡಲಿ?

*

ತಮ್ಮಾ, ನಾನು ಕೇರಳದ ತಲಶ್ಶೇರಿಯವಳು. 9ನೇ ವಯಸ್ಸಿಗೆ ಸರ್ಕಸ್ ಸೇರಿದೆ, 34ಕ್ಕೆ ಬಿಟ್ಟೆ. ಡೇರೆಯಲ್ಲೇ ಕೆಲಸಕ್ಕಿದ್ದ ಕನ್ನಡದವರನ್ನು ಮದುವೆಯಾಗಿ ಇಲ್ಲಿಗೆ ಬಂದೆ. ನಮ್ಮೂರಲ್ಲಿ ಕೀಲೇರಿ ಕುಞಿಕಣ್ಣನ್ ಅಂತ ಒಬ್ಬ ಮೇಷ್ಟ್ರಿದ್ದರು. ವಿಷ್ಣುಪಂತ ಛತ್ರೆ ಅವರು 1880ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಸರ್ಕಸ್ ತಲಶ್ಶೇರಿಗೆ ಬಂದಾಗ ಈ ಮೇಷ್ಟ್ರು ನೋಡಿ ಬೆರಗಾದರು. ಆಮೇಲೆ ಊರ ಹುಡುಗರಿಗೆ ಸರ್ಕಸ್ ಕಲಿಸಿದರು. ದೇಶದ ಎಷ್ಟೋ ಸರ್ಕಸ್ ಕಂಪನಿಗಳ ಬೇರು ಅಲ್ಲಿದೆ. ಹಾಗಾಗಿ ನಿಮ್ಮ ತಂದೆಯವರ ಸಂಕಟ ನನಗೆ ಅರ್ಥವಾಗುತ್ತೆ.

ಮೊದಲು ಒಂದು ವಿಷಯ ಕೇಳುತ್ತೇನೆ. ಹಗ್ಗದ ಕೆಳಗೆ ಏನು ಹಾಸಿದ್ದೀರಿ? ನನಗೆ ಮೊದಲ ಮೂರು ತಿಂಗಳು ಹಾರಲು ಕಲಿಸಲೇ ಇಲ್ಲ. ಬರೀ ಬೀಳುವುದು. ಬಲೆಗೆ ಬೆನ್ನು ಕೊಟ್ಟು ಬೀಳಬೇಕು, ಗದ್ದ ಎದೆಗೆ ಒತ್ತಿರಬೇಕು. ಕಾಲು ಮೊದಲು ಕೊಟ್ಟರೆ ಮೊಣಕಾಲು ಹೋಯಿತು ಅಂತಲೇ ಲೆಕ್ಕ. ಬೆಳಿಗ್ಗೆ ಎದ್ದ ಕೂಡಲೇ ಡೇರೆಯಲ್ಲಿ ನಮಗೆ ಕಲಿಸುತ್ತಿದ್ದ ಮೇಷ್ಟ್ರು ನಮ್ಮ ಅಂಗೈ ನೋಡುತ್ತಿದ್ದರು. ಗಟ್ಟಿಯಾದ ಚರ್ಮ ಎದ್ದಿದ್ದರೆ ಬ್ಲೇಡಿನಿಂದ ಹೆರೆದು ಸಮ ಮಾಡಬೇಕು. ಇಲ್ಲದಿದ್ದರೆ ಕಂಬಿ ಹಿಡಿದಾಗ ಅದೇ ಕಿತ್ತುಕೊಂಡು ಬರುತ್ತೆ. ಇದೆಲ್ಲ ನಿಮ್ಮ ತಂದೆಯವರಿಗೆ ಗೊತ್ತೇ ಇರುತ್ತೆ. ಆದರೆ ಮೊಮ್ಮಗಳ ಮೇಲಿನ ಅಕ್ಕರೆಯಲ್ಲಿ ‘ಬೀಳುವ ಪಾಠ’ ಬಿಟ್ಟು ಬಿಟ್ಟಿರಬಹುದು, ನೋಡಿ.

ಇನ್ನೊಂದು ಮಾತು. ನಾನು ಎಷ್ಟು ರಾಜ್ಯ ಸುತ್ತಿದೆನೋ ಲೆಕ್ಕವಿಲ್ಲ. ಆದರೆ ಬ್ಯಾಂಕಿನಲ್ಲಿ ಚಲನ್ ತುಂಬಲು ಇವತ್ತಿಗೂ ಪಕ್ಕದವರನ್ನೇ ಕೇಳುತ್ತೇನೆ. ಈ ಪತ್ರವನ್ನೂ ಮೊಮ್ಮಗನ ಕೈಲಿ ಬರೆಸುತ್ತಿದ್ದೇನೆ. 1998ರಲ್ಲಿ ಹುಲಿ, ಸಿಂಹ, ಕರಡಿ, ಕೋತಿ ಆಡಿಸಬಾರದು ಅಂತ ಸರ್ಕಾರ ಹೇಳಿತು. ಆ ಪ್ರಾಣಿಗಳ ಪಾಲಿಗೆ ಒಳ್ಳೆಯದೇ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆಮೇಲೆ ಹಿಂದಿನ ಬೆಂಚುಗಳು ಖಾಲಿ ಹೊಡೆಯತೊಡಗಿದವು. ಮಗು ವಿದ್ಯೆ ಕಲಿಯಲಿ, ಡೇರೆಗೆ ಮಾತ್ರ ಹೋಗೋದು ಬೇಡ. ಹಾಗಂತ ಹೇಳುವಾಗಲೂ ಹೊಟ್ಟೆ ಚುರ್ ಅನ್ನುತ್ತೆ. ಆ ಕ್ಯಾಚರ್ ಕೈ ಸಿಗುವ ಮುಂಚಿನ ಅರೆ ಕ್ಷಣ ಇದೆಯಲ್ಲ, ಅದನ್ನು ನಾನು ಈಗಲೂ ಕನಸಿನಲ್ಲಿ ಕಾಣುತ್ತೇನೆ.

– ಹಳೆಯ ಟ್ರಪೀಜ್ ಕಲಾವಿದೆ, ಮಂಗಳೂರು

*

ಕಾನೂನಿನ ಮಾತು ಅಷ್ಟೇ ಹೇಳುತ್ತೇನೆ. 14 ತುಂಬದ ಮಕ್ಕಳು ಷರತ್ತುಗಳಿಗೆ ಒಳಪಟ್ಟು ಸಿನಿಮಾ, ಧಾರಾವಾಹಿಯಲ್ಲಿ ನಟಿಸಬಹುದು, ಕ್ರೀಡೆಯಲ್ಲೂ ಭಾಗವಹಿಸಬಹುದು. ಆದರೆ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ‘ಸರ್ಕಸ್ ಹೊರತು’ ಅಂತ ಬಿಡಿಸಿ ಹೇಳಿದೆ. ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಿ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸರ್ಕಾರಕ್ಕೆ ಸೂಚಿಸಿತ್ತು. ಹಿತ್ತಲಲ್ಲಿ ತಾತನ ಹತ್ತಿರ ಕಲಿಯುವುದು ಬೇರೆ, ಟಿಕೆಟ್ ಇಟ್ಟ ಆಟಕ್ಕೆ ಕಳಿಸುವುದು ಬೇರೆ. ಈ ಗೆರೆ ದಾಟಬೇಡಿ.

– ವಕೀಲರು, ಧಾರವಾಡ

*

ಅಣ್ಣಾ, ನಾವು ದೊಂಬರ ಮನೆಯವರು. ಸಂತೆಯಲ್ಲಿ ಬಿದಿರಿನ ಗಣೆ ನೆಟ್ಟು ಆಡಿದವರು. ನಮ್ಮ ಆಟದ ಹೆಸರನ್ನೇ ಜನ ಬೈಗುಳ ಮಾಡಿಕೊಂಡಿದ್ದಾರೆ. ರಾಜಕೀಯದವರು ಕಿತ್ತಾಡಿದರೆ ಟಿವಿಯಲ್ಲಿ ‘ದೊಂಬರಾಟ’ ಅಂತಾರೆ, ಅಲ್ವಾ? ಆ ಕಿತ್ತಾಟದಲ್ಲಿ ಒಬ್ಬರಾದರೂ ಗಣೆಯ ತುದಿಯಲ್ಲಿ ಹೊಟ್ಟೆ ಊರಿ ತಿರುಗಿದ್ದು ನಾನು ಕಂಡಿಲ್ಲ. ನನ್ನನ್ನು 6 ವರ್ಷಕ್ಕೇ ಗಣೆ ಹತ್ತಿಸಿದರು. ಕೆಳಗೆ ಡೋಲು ಬಾರಿಸುತ್ತಿದ್ದ ಅವ್ವ ಒಂದು ಸಲವೂ ತಲೆ ಎತ್ತಿ ನನ್ನ ಕಡೆ ನೋಡುತ್ತಿರಲಿಲ್ಲ. ಯಾಕೆ ಅಂತ ದೊಡ್ಡವನಾದ ಮೇಲೆ ತಿಳಿಯಿತು. ಆವತ್ತಿನ ಅನ್ನ ತಟ್ಟೆಗೆ ಬೀಳುವ ಚಿಲ್ಲರೆಯಲ್ಲಿತ್ತು. ನಿಮ್ಮ ಮಗಳು ಅನ್ನಕ್ಕಾಗಿ ಹತ್ತುತ್ತಿಲ್ಲ. ಸುಮ್ನೆ ಖುಷಿಗೆ ಹತ್ತುತ್ತಿದ್ದಾಳೆ. ಹತ್ತಲಿ ಬಿಡಿ.

– ಬಸ್ ಕಂಡಕ್ಟರ್, ಕೊಪ್ಪಳ

*

ಹುಡುಗಿಗೆ ಹಗ್ಗದ ಹುಚ್ಚು ಇದ್ದರೆ ಮಲ್ಲಗಂಬಕ್ಕೆ (ಕಂಬ, ಹಗ್ಗದ ಮೇಲಿನ ಕಸರತ್ತಿಗೆ) ಸೇರಿಸಿ. ನಮ್ಮ ಜಿಲ್ಲೆಯ ತುಳಸಿಗೇರಿ ಇದಕ್ಕೆ ಹೆಸರಾದ ಊರು. ಹಗ್ಗದ ಮಲ್ಲಗಂಬದಲ್ಲಿ ಹುಡುಗಿಯರು ಕಾಲ್ಬೆರಳ ಸಂದಿಯಲ್ಲಿ ಹಗ್ಗ ಸಿಕ್ಕಿಸಿಕೊಂಡು ಮೇಲೇರುತ್ತಾರೆ, ಗಾಳಿಯಲ್ಲೇ ಆಸನ ಹಾಕುತ್ತಾರೆ. 2022ರ ರಾಷ್ಟ್ರೀಯ ಕ್ರೀಡಾಕೂಟದಲ್ಲೂ ಈ ಆಟ ಇತ್ತು. ಶಾಲೆ ತಪ್ಪುವುದಿಲ್ಲ, ಕೆಳಗೆ ಮ್ಯಾಟ್ ಇರುತ್ತೆ, ಕೋಚ್ ಇರುತ್ತಾರೆ. ತಾತನನ್ನೂ ಜೊತೆಗೆ ಕರೆದೊಯ್ಯಿರಿ. ಕೋಚ್‌ಗೆ ಹೇಳಿಕೊಡುವಷ್ಟು ಸರಕು ಅವರ ಹತ್ತಿರ ಜಾಸ್ತಿಯೇ ಇರುತ್ತೆ.

– ನಿವೃತ್ತ ಪಿ.ಟಿ. ಮೇಷ್ಟ್ರು, ಬಾಗಲಕೋಟೆ

*

ಎಲ್ಲರೂ ಮಗಳ ಬಗ್ಗೆಯೇ ಬರೆಯುತ್ತಾರೆ, ಗೊತ್ತು. ನಾನು ನಿಮ್ಮ ಹೆಂಡತಿಯ ಕಡೆ. ನನ್ನ ಮಗ ಈಜು ಕಲಿಯುವಾಗ ನಾನೂ ಹೀಗೇ ಮುಖ ಊದಿಸಿಕೊಂಡು ಕೂತಿದ್ದೆ. ಒಂದು ದಿನ ನಮ್ಮ ಮಾವ ‘ಬಾರಮ್ಮ, ನೀನೇ ಟವೆಲ್ ಹಿಡ್ಕೊ’ ಅಂತ ದಡದಲ್ಲಿ ಕೂರಿಸಿದರು. ಅವನು ಮುಳುಗುವುದು, ಮತ್ತೆ ಏಳುವುದು ಎರಡನ್ನೂ ನೋಡಿದೆ. ಆ ರಾತ್ರಿ ನಿದ್ದೆ ಬಂತು. ನಿಮ್ಮ ಮನೆಯವರ ಕೈಗೂ ಹಗ್ಗದ ಕೆಳಗೆ ಹಾಸುವ ಹಾಸಿಗೆಯ ಒಂದು ತುದಿ ಕೊಡಿ.

– ಗೃಹಿಣಿ, ಶಿವಮೊಗ್ಗ